ಕಣ್ಣಲ್ಲಿ ನೀರು, ಆದರೂ ಕಣ್ಣು ಒಣ!

ಬಸ್ ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಗಳಲ್ಲಿ ದಿನಾ ಕೇಳಿಬರುವ ಮಾತಿದು: "ಅಣ್ಣಾ, ಕಣ್ಣು ಉರೀತಾ ಇದೆ, ಮರಳು ಬಿದ್ದಂಗಾಗ್ತದೆ. ಯಾವುದಾದ್ರೂ ಡ್ರಾಪ್ಸ್ ಕೊಡಿ." ಅಂಗಡಿಯವನು ಒಂದು ಬಾಟಲಿ ಎತ್ತಿ ಕೊಡುತ್ತಾನೆ. "ಎಲ್ಲಾ ಈ ಹಾಳು ಧೂಳಿಂದ ಸ್ವಾಮಿ" ಅಂತ ಇಬ್ಬರೂ ಸೇರಿ ತೀರ್ಪು ಕೊಟ್ಟೂ ಆಗಿರುತ್ತದೆ.

ಧೂಳೇ ಇರಬಹುದು. ಕಿಟಕಿ ಸೀಟಿನ ಗಾಳಿಯೂ ಇರಬಹುದು. ಆದರೆ ವಸೂಲಾಗದ ಬಾಕಿ, ಮಗಳ ಮದುವೆ ಸಾಲ, ನಿದ್ದೆಗೆಟ್ಟ ರಾತ್ರಿ, ಇವಕ್ಕೂ ಕಣ್ಣುರಿಗೂ ನಂಟಿದೆ ಅಂದರೆ ನಂಬುತ್ತೀರಾ? ನಂಬಲೇಬೇಕು.

ಕಣ್ಣೀರು ಬರೀ ಉಪ್ಪು ನೀರಲ್ಲ. ಅಡಿಯಲ್ಲಿ ಲೋಳೆ, ನಡುವೆ ನೀರು, ಮೇಲೆ ತೆಳ್ಳನೆ ಎಣ್ಣೆ. ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿದು ಇದನ್ನು ಕಣ್ಣಿಗೆಲ್ಲ ಸವರುತ್ತದೆ. ಮೊಬೈಲು ನೋಡುತ್ತಾ ಕೂತರೆ ಬಡಿತ ಅರ್ಧಕ್ಕೇ ಇಳಿಯಬಹುದು. ಆಗ ಪದರ ಹರಿದು ಕಣ್ಣು ಉರಿಯುತ್ತದೆ. ಉರಿಗೆ ಗಾಬರಿಯಾದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಲ್ಲಿ ನಿಲ್ಲದೆ ಕೆನ್ನೆಗಿಳಿಯುತ್ತದೆ. ನೀರು ಸುರಿದರೂ ಕಣ್ಣು ಒಣ!

ಚಿಂತೆಗೇನು ಕೆಲಸ?

ಭಾಷಣಕ್ಕೆ ನಿಂತವನ ಬಾಯಿ ಒಣಗುವುದು ಎಲ್ಲರಿಗೂ ಗೊತ್ತು. ಜೊಲ್ಲನ್ನೂ ಕಣ್ಣೀರನ್ನೂ ಒಸರಿಸುವುದು ದೇಹ ನಿರಾಳವಾಗಿದ್ದಾಗ ದುಡಿಯುವ ನರಗಳು. ಗಾಬರಿಯಾದರೆ ಬೇರೆ ನರಗಳ ಕೈ ಮೇಲಾಗುತ್ತದೆ. ಜೊತೆಗೆ ನಿದ್ದೆ ಕೆಡುತ್ತದೆ. ನಿದ್ದೆಗೆ, ಖಿನ್ನತೆಗೆ, ನೆಗಡಿಗೆ ನುಂಗುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ.

ಇನ್ನೊಂದು ವಿಚಿತ್ರ ಇದೆ. ಒಣ ಕಣ್ಣು ಪತ್ತೆಗೆ ಶಿರ್ಮರ್ ಎಂಬ ವೈದ್ಯ 1903ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇಂದಿಗೂ ನಡೆದಿದೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 10 ಮಿಲಿಮೀಟರಿಗಿಂತ ಹೆಚ್ಚು ನೆನೆದರೆ ಚಿಂತೆಯಿಲ್ಲ. 5ಕ್ಕಿಂತ ಕಡಿಮೆಯಾದರೆ ಕಣ್ಣು ತೀರಾ ಒಣಗಿದೆ ಎಂದರ್ಥ. ಆದರೆ ಮನಸ್ಸು ಕುಗ್ಗಿದವರಲ್ಲಿ ಪಟ್ಟಿ ಚೆನ್ನಾಗಿ ನೆನೆದರೂ ಉರಿ ಮಾತ್ರ ವಿಪರೀತ! ಅದು ನಾಟಕವಲ್ಲ. ಕೆಟ್ಟ ನರಗಳೂ ಈ ರೋಗಕ್ಕೆ ಕಾರಣ ಅಂತ 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಪ್ಪಿದ್ದಾರೆ. ಚಿಂತೆಯಿಂದ ಉರಿ, ಉರಿಯಿಂದ ಮತ್ತೆ ಚಿಂತೆ. ಗಾಣದೆತ್ತಿನ ಸುತ್ತು.

ಹಾಗಂತ ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಬಾರದು. ಬಾಯಿಯೂ ಒಣಗಿ ಕೀಲು ನೋವೂ ಇದ್ದರೆ ರೋಗ ಬೇರೆಯೇ ಇರಬಹುದು. ಮುಟ್ಟು ನಿಂತ ಹೆಂಗಸರಲ್ಲಿ ಕಣ್ಣು ಒಣಗುವುದು ಹೆಚ್ಚು.

ಬಾಟಲಿಯ ಅಪಾಯ

ಭಯ ಇರುವುದು ಆ ಕೈಗೆ ಸಿಕ್ಕ ಬಾಟಲಿಯಲ್ಲಿ. ಕೆಲವು ಡ್ರಾಪ್ಸ್‌ಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಾಕಿದ ದಿನವೇ ಹಾಯೆನಿಸುತ್ತದೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮ ಬರಬಹುದು, ಪೊರೆಯೂ ಕಟ್ಟಬಹುದು. ಗ್ಲಾಕೋಮದಿಂದ ಹೋದ ದೃಷ್ಟಿ ವಾಪಸ್ ಬರೋದಿಲ್ಲ. ಉರಿ ಕಳೆಯಲು ಹೋಗಿ ಕಣ್ಣನ್ನೇ ಕಳೆದುಕೊಂಡ ಹಾಗೆ.

ಮಾಡಬೇಕಾದ್ದು ದುಬಾರಿಯದೇನಲ್ಲ. ಆಗಾಗ ಬೇಕೆಂದೇ ಪೂರ್ತಿ ರೆಪ್ಪೆ ಮುಚ್ಚಿ ತೆರೆಯುವುದು, ಮುಚ್ಚಿದ ರೆಪ್ಪೆ ಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಹದವಾದ ಶಾಖ, ಬಸ್ಸಿನಲ್ಲಿ ಕನ್ನಡಕ, ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ಕೂರುವುದು. ಅಷ್ಟಕ್ಕೂ ಬಗ್ಗದಿದ್ದರೆ ಕಣ್ಣಿನ ಡಾಕ್ಟರು.

ಅಲ್ಲಿ ಕೂತಾಗ ಕಣ್ಣಿನ ಕತೆ ಮಾತ್ರ ಹೇಳಿ ಎದ್ದು ಬರಬೇಡಿ. ನುಂಗುವ ಮಾತ್ರೆಯ ಹೆಸರು ಹೇಳಿ. ರಾತ್ರಿ ನಿದ್ದೆ ಬರೋದಿಲ್ಲ ಅನ್ನುವುದನ್ನೂ ಹೇಳಿ. ನಾಚಿಕೆ ಯಾಕೆ? ಮನಸ್ಸಿನ ಭಾರ ಬಾಯಿ ಹೇಳದಿದ್ದರೂ ಕಣ್ಣು ಹೇಳಿಯೇ ಹೇಳುತ್ತದೆ.