ಎಸೆಯದೆ ಬಿಟ್ಟ ಚೆಂಡಿನ ಲೆಕ್ಕ

ನಲವತ್ತು ವರ್ಷ ತೊಗರಿ-ಕಡಲೆಯ ಅಡತಿ ಅಂಗಡಿಯಲ್ಲಿ ಕುಳಿತವನು ಬಾಸ್ಕೆಟ್‌ಬಾಲ್ ಆಟದ ಬಗ್ಗೆ ಬರೆಯಲು ಹೊರಟಿದ್ದಾನೆಂದರೆ ವಾಚಕ ಬಂಧುಗಳು ನಕ್ಕಾರು. ನಗಲಿ. ಮ್ಯಾಟ್ರಿಕ್ ಮುಗಿಸಿ ತಕ್ಕಡಿ ಹಿಡಿದ ನನಗೆ ಈ ಆಟದ ಗಂಧ ಮೊನ್ನೆ ಮೊನ್ನೆಯವರೆಗೂ ಇರಲಿಲ್ಲ. ಕಲಿಸಿದವನು ಸೋಲಾಪುರದಲ್ಲಿ ಕಾಲೇಜು ಓದುವ ನನ್ನ ಮೊಮ್ಮಗ.

ಕಳೆದ ಚಳಿಗಾಲದಲ್ಲಿ ಅವನು ರಜೆಗೆ ಮನೆಗೆ ಬಂದವನು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಹೊತ್ತು ಮುಳುಗುವುದರೊಳಗಿನ ಊಟಕ್ಕೂ ಎದ್ದು ಬರಲಿಲ್ಲ. ಅವನ ಅಜ್ಜಿ ಗಾಬರಿಯಾದಳು. ನಾನು ಕೇಳಿದಾಗ ಹೇಳಿದ: ಕಾಲೇಜಿನ ಪಂದ್ಯದಲ್ಲಿ ಇವರ ತಂಡ ಒಂದು ಅಂಕ ಹಿಂದಿತ್ತಂತೆ, ಕೊನೆಯ ಗಳಿಗೆಯಲ್ಲಿ ಚೆಂಡು ಇವನ ಕೈಗೆ ಬಂತಂತೆ, ಇವನು ತಾನು ಎಸೆಯದೆ ಗೆಳೆಯನಿಗೆ ಕೊಟ್ಟನಂತೆ, ಗೆಳೆಯನ ಎಸೆತ ತಪ್ಪಿತಂತೆ. ಅಂದಿನಿಂದ ಹಾಸ್ಟೆಲಿನಲ್ಲಿ ಎಲ್ಲರದೂ ಒಂದೇ ಮಾತು, "ಹೆದರಿ ಕೈ ಬಿಟ್ಟ."

"ಖರೇನ ಹೆದರಿದ್ದೇನು?" ಎಂದೆ.

ಉತ್ತರ ಕೊಡಲಿಲ್ಲ. ತನ್ನ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದ. "ಮುತ್ಯಾ, ಇದನ್ನ ನೋಡ್ರಿ. ದೂರದಿಂದ ಚೆಂಡು ಒಗ್ಯೂದ್ರಾಗ ಇವನಂಥಾಂವ ಇನ್ನೊಬ್ಬಿಲ್ಲ. ಇಂವಾ ಕಾಲೇಜಿನ್ಯಾಗ ಇದ್ದಾಗ ಕಡೀಕ ಏನ್ ಮಾಡಿದಾ ನೋಡ್ರಿ."

ಅವನು ತೋರಿಸಿದ್ದು ಅಮೇರಿಕೆಯ ಡೆಟ್ರಾಯಿಟ್ ನಗರದಲ್ಲಿ 2008ರ ಮಾರ್ಚ್ 30ರಂದು ನಡೆದ ಪಂದ್ಯ. ಆ ಹುಡುಗನ ಹೆಸರು ಸ್ಟೀಫನ್ ಕರ್ರಿ. ಈಗ ಜಗತ್ತೇ ಬಲ್ಲ ಹೆಸರು. ಆಗ ಇನ್ನೂ ಡೇವಿಡ್‌ಸನ್ ಎಂಬ ಸಣ್ಣ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ.

ಆಟ ತಿಳಿಯದ ನನ್ನಂಥ ಹಿರಿಯರಿಗಾಗಿ ಸ್ವಲ್ಪ ವಿವರ ಹೇಳಬೇಕು. ಒಂದೊಂದು ಕಡೆಗೆ ಐದು ಜನ. ಬುಟ್ಟಿ ಹತ್ತು ಅಡಿ ಎತ್ತರದಲ್ಲಿರುತ್ತದೆ. ಹತ್ತಿರದಿಂದ ಹಾಕಿದರೆ 2 ಅಂಕ, ಗೆರೆಯ ಆಚೆಯಿಂದ ಹಾಕಿದರೆ 3. ಅಮೇರಿಕೆಯ ಕಾಲೇಜು ಆಟಕ್ಕೆಲ್ಲ ಈ ಮೂರರ ಗೆರೆ ಬಂದದ್ದು 1986-87ರಲ್ಲಿ, 19 ಅಡಿ 9 ಅಂಗುಲ ದೂರದಲ್ಲಿ. ಚೆಂಡು ಕೈಗೆ ಬಂದ ತಂಡ ಆಗಿನ ನಿಯಮದಂತೆ 35 ಸೆಕೆಂಡಿನೊಳಗೆ ಎಸೆಯಲೇಬೇಕಿತ್ತು. ಗಡಿಯಾರ ಓಡುತ್ತಿರುತ್ತದೆ, ಎಸೆಯಬೇಕೋ, ಕೊಡಬೇಕೋ, ಇನ್ನಷ್ಟು ಒಳಗೆ ನುಗ್ಗಬೇಕೋ ಎಂಬುದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ತೀರ್ಮಾನಿಸಬೇಕು.

ಇಲ್ಲಿಗೆ ಬಂದಾಗ ನನಗೆ ಆಟ ತಿಳಿಯತೊಡಗಿತು, ಏಕೆಂದರೆ ಇದು ನಮ್ಮ ಲೆಕ್ಕವೇ. ಹತ್ತಿರದಿಂದ ನೂರು ಸಲ ಎಸೆದು ಐವತ್ತು ಬಿದ್ದರೆ ನೂರು ಅಂಕ. ದೂರದಿಂದ ನೂರಕ್ಕೆ ಮೂವತ್ತನಾಲ್ಕೇ ಬಿದ್ದರೂ ನೂರಾ ಎರಡು. ಆ 2007-08ರ ಹಂಗಾಮಿನಲ್ಲಿ ಕರ್ರಿ ದೂರದಿಂದ 369 ಎಸೆದು 162 ಹಾಕಿದ್ದ. ಒಂದೇ ಹಂಗಾಮಿನಲ್ಲಿ ಅಷ್ಟನ್ನು ಹಾಕಿದ್ದು ಅಲ್ಲಿಯ ಕಾಲೇಜು ಆಟದಲ್ಲಿ ದಾಖಲೆಯಾಯಿತು. ನೂರು ಎಸೆತಕ್ಕೆ ಲೆಕ್ಕ ಹಾಕಿದರೆ ಸುಮಾರು 132 ಅಂಕ! ಇಷ್ಟು ಹುಟ್ಟುವಳಿಯ ಮಾಲು ಕೈಯಲ್ಲಿರುವವನು ಅದನ್ನು ಇನ್ನೊಬ್ಬನಿಗೆ ಏಕೆ ಕೊಡಬೇಕು?

ಮೊಮ್ಮಗ ತಲೆ ಅಲ್ಲಾಡಿಸಿದ. ಆ ದರ ಎಲ್ಲ ಎಸೆತಕ್ಕೂ ಒಂದೇ ಅಲ್ಲವಂತೆ. ಕರ್ರಿ ಆ ವರ್ಷ ಹೆಚ್ಚಾಗಿ ಚೆಂಡಿಲ್ಲದೆ ಓಡುತ್ತಿದ್ದ. ಜೊತೆಗಾರರು ಗೋಡೆಯಂತೆ ಅಡ್ಡ ನಿಲ್ಲುವರು, ಇವನು ಅವರ ಮೈಗೆ ಮೈ ಉಜ್ಜಿಕೊಂಡು ಸುತ್ತಿ ಬರುವನು, ಕಾವಲಿನವನು ಅರ್ಧ ಹೆಜ್ಜೆ ಹಿಂದುಳಿಯುವನು. ಅಷ್ಟರಲ್ಲಿ ಜೇಸನ್ ರಿಚರ್ಡ್ಸ್ ಚೆಂಡು ಮುಟ್ಟಿಸಿರುವನು. ಹಾಗೆ ಬಿಡುವಾಗಿ ಸಿಕ್ಕ ಎಸೆತದ ಬೆಲೆ ಬೇರೆ, ಇಬ್ಬರು ಮೈಮೇಲೆ ಬಿದ್ದಾಗ ಎಸೆಯುವುದರ ಬೆಲೆ ಬೇರೆ. ಆಷಾಢದ ತೊಗರಿಯ ಧಾರಣೆ ಸುಗ್ಗಿಯಲ್ಲಿ ಕೇಳಿದರೆ ಯಾರು ಕೊಡುತ್ತಾರೆ?

ಈ ರಿಚರ್ಡ್ಸ್ ಎಂಬವನ ಹೆಸರನ್ನು ವಾಚಕರು ನೆನಪಿಡಬೇಕು. ಪಂದ್ಯಕ್ಕೆ ಸರಾಸರಿ 8ಕ್ಕೂ ಮಿಕ್ಕಿ ಸಲ ಇತರರ ಎಸೆತಕ್ಕೆ ಚೆಂಡು ಒದಗಿಸಿ ಆ ವರ್ಷ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾಗಿದ್ದವನು ಅವನೇ. ಕರ್ರಿಯ ಅಂಕಗಳ ಹಿಂದೆ ಅವನ ಕೈ ಇತ್ತು.

ಕರ್ರಿಯ ಆರಂಭವೂ ಕೇಳುವಂಥದ್ದು. ಅವನ ತಂದೆ ಡೆಲ್ ಕರ್ರಿ ವೃತ್ತಿಪರ ಆಟಗಾರ. ಆದರೂ ತಂದೆ ಕಲಿತ ವರ್ಜೀನಿಯಾ ಟೆಕ್ ಸೇರಿದಂತೆ ದೊಡ್ಡ ವಿದ್ಯಾಲಯಗಳಾವುವೂ ಸಣಕಲು ಹುಡುಗನೆಂದು ಇವನಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಕರೆದದ್ದು ಉತ್ತರ ಕ್ಯಾರೊಲಿನಾದ ಡೇವಿಡ್‌ಸನ್. ಒಟ್ಟು ವಿದ್ಯಾರ್ಥಿಗಳೇ ಸುಮಾರು 1,700. ಅಲ್ಲಿ 2006ರ ನವೆಂಬರಿನ ಮೊದಲ ಪಂದ್ಯದಲ್ಲೇ ಕರ್ರಿ 13 ಸಲ ಚೆಂಡನ್ನು ಎದುರಾಳಿಗೆ ಒಪ್ಪಿಸಿದ. ಹದಿಮೂರು! ನನ್ನ ಅಂಗಡಿಯ ಹುಡುಗ ಮೊದಲ ದಿನವೇ ಹದಿಮೂರು ಚೀಲ ತಪ್ಪು ಲಾರಿಗೆ ಹೇರಿದ್ದರೆ ಸಂಜೆಗೆ ಮನೆಗೆ ಕಳಿಸುತ್ತಿದ್ದೆ. ತರಬೇತುದಾರ ಬಾಬ್ ಮೆಕಿಲಪ್ ಹಾಗೆ ಮಾಡಲಿಲ್ಲ, ಮತ್ತೆ ಆಡಿಸಿದರು. ಮುಂದಿನ ಪಂದ್ಯದಲ್ಲಿ ಹುಡುಗ 32 ಅಂಕ ಗಳಿಸಿದ.

2008ರ ಮಾರ್ಚಿನಲ್ಲಿ ಈ ಸಣ್ಣ ಕಾಲೇಜು ರಾಷ್ಟ್ರೀಯ ಪಂದ್ಯಾವಳಿಗೆ ಬಂತು. ಅಲ್ಲಿ 1969ರ ನಂತರ ಅದು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೊದಲು ಗೊಂಜಾಗದ ಎದುರು ಕರ್ರಿಯ 40 ಅಂಕ. ಅನಂತರ ಜಾರ್ಜ್‌ಟೌನ್. ಅಲ್ಲಿ ಮೊದಲರ್ಧದಲ್ಲಿ ಅವನಿಗೆ ದಕ್ಕಿದ್ದು ಬರೀ 5 ಅಂಕ. ಒಂದು ಹಂತದಲ್ಲಿ ತಂಡ 17 ಅಂಕ ಹಿಂದೆ ಬಿತ್ತು. ಬೇರೆಯವನಾಗಿದ್ದರೆ ಇಂದು ನನ್ನ ದಿನವಲ್ಲ ಎಂದು ಚೆಂಡು ದಾಟಿಸುತ್ತ ಕಾಲ ಕಳೆಯುತ್ತಿದ್ದ. ಇವನು ಎಸೆಯುವುದನ್ನು ಬಿಡಲಿಲ್ಲ. ಎರಡನೆಯ ಅರ್ಧದಲ್ಲಿ 25 ಗಳಿಸಿದ, 74-70ರಿಂದ ಗೆದ್ದರು. ತಪ್ಪಿದ ಎಸೆತವೆಲ್ಲ ತಪ್ಪು ನಿರ್ಧಾರವಲ್ಲ ಎಂದು ಮೊಮ್ಮಗ ಹೇಳಿದ್ದು ಈ ಪಂದ್ಯ ತೋರಿಸುವಾಗ. ಆಮೇಲೆ ವಿಸ್ಕಾನ್ಸಿನ್ ತಂಡವನ್ನೂ ಸೋಲಿಸಿದರು. ಕಾಲೇಜಿನ ಆಡಳಿತ ಮಂಡಳಿಯವರೇ ಖರ್ಚು ವಹಿಸಿ ವಿದ್ಯಾರ್ಥಿಗಳನ್ನು ಬಸ್ಸುಗಳಲ್ಲಿ ಡೆಟ್ರಾಯಿಟಿಗೆ ಕಳಿಸಿದರು.

ಇನ್ನೊಂದು ಪಂದ್ಯ ಗೆದ್ದರೆ ಕೊನೆಯ ನಾಲ್ವರಲ್ಲಿ ಸ್ಥಾನ. ಎದುರಾಳಿ ಕ್ಯಾನ್ಸಸ್, ಘಟಾನುಘಟಿ ತಂಡ. ಆ ದಿನ ಕರ್ರಿಗೆ 25 ಅಂಕ ಬಂದವು, ನಿಜ. ಆದರೆ 25 ಎಸೆತಗಳಲ್ಲಿ ಬಿದ್ದದ್ದು 9, ದೂರದ 16ರಲ್ಲಿ ಬರೀ 4. ಒಬ್ಬರ ಹಿಂದೊಬ್ಬರು ಹೊಸ ಕಾಲಿನವರು ಬಂದು ಅವನನ್ನು ಕಾದರು. ಆದರೂ 54 ಸೆಕೆಂಡು ಉಳಿದಿದ್ದಾಗ ದೂರದಿಂದ ಒಂದು ಹಾಕಿ ಅಂತರವನ್ನು 59-57ಕ್ಕೆ ಇಳಿಸಿದ. ಕ್ಯಾನ್ಸಸ್ ತನ್ನ ಸರದಿಯಲ್ಲಿ ತಪ್ಪಿತು. ಡೇವಿಡ್‌ಸನ್ ಕೈಗೆ ಚೆಂಡು, ಸುಮಾರು 16 ಸೆಕೆಂಡು.

ಎರಡು ಹಾಕಿದರೆ ಸಮ, ಮೂರು ಹಾಕಿದರೆ ಗೆಲುವು. ಚೆಂಡು ಕರ್ರಿಯ ಕೈಯಲ್ಲಿ. ಜೊತೆಗಾರ ಅಡ್ಡ ನಿಂತ, ಕರ್ರಿ ತಿರುಗಿದ. ಕ್ಯಾನ್ಸಸಿನ ಇಬ್ಬರು ಅವನ ಮೇಲೆ ಬಂದರು. ಗಡಿಯಾರ ಮುಗಿಯುತ್ತ ಬಂದಿತ್ತು. ಅವನು ಎಸೆಯಲಿಲ್ಲ, ರಿಚರ್ಡ್ಸ್‌ಗೆ ಕೊಟ್ಟ. ಬಹಳ ದೂರದಿಂದ ರಿಚರ್ಡ್ಸ್ ಎಸೆದ. ಚೆಂಡು ಎಡಕ್ಕೆ ಹೋಯಿತು. ಕ್ಯಾನ್ಸಸಿನ ತರಬೇತುದಾರ ಬಿಲ್ ಸೆಲ್ಫ್ ನೆಮ್ಮದಿಯಿಂದ ಮಂಡಿಯೂರಿ ನೆಲಕ್ಕೆ ಕುಸಿದರು. ಮುಂದೆ ಅದೇ ಕ್ಯಾನ್ಸಸ್ ಆ ವರ್ಷದ ಚಾಂಪಿಯನ್ ಆಯಿತು.

"ಒಗೀಬೇಕಿತ್ತು," ಎಂದೆ ನಾನು, ತಡೆಯಲಾಗದೆ.

"ಇಬ್ಬರ ಮ್ಯಾಲಿಂದ ಹೆಂಗ ಒಗೀತಿದ್ದ, ಮುತ್ಯಾ? ಆ ಕಡೆ ಖಾಲಿ ನಿಂತಾಂವ ಇದ್ದ."

ನಾನು ಆ ತುಣುಕನ್ನು ಹತ್ತು ಸಲವಾದರೂ ತಿರುಗಿಸಿ ನೋಡಿರಬೇಕು. ಈಗ ನನ್ನ ಅಭಿಪ್ರಾಯ ಬೇರೆ. ಕೊಟ್ಟದ್ದು ತಪ್ಪಲ್ಲ. ಇಬ್ಬರು ಒಬ್ಬನ ಮೇಲೆ ಬಂದರೆ ಎಲ್ಲೋ ಒಬ್ಬ ಖಾಲಿ ಇದ್ದೇ ಇರುತ್ತಾನೆ, ಇದು ಕೂಡು-ಕಳೆಯುವ ಲೆಕ್ಕ. ತಪ್ಪಿದ್ದರೆ ಅದು ಸಮಯದ್ದು. ಹಿಂದೆ ಬಿದ್ದ ತಂಡ ಕೊನೆಯ ಕ್ಷಣದವರೆಗೆ ಕಾಯಬಾರದು. ಐದಾರು ಸೆಕೆಂಡು ಉಳಿದಿರುವಾಗಲೇ ಎಸೆದರೆ, ತಪ್ಪಿದರೂ ಪುಟಿದ ಚೆಂಡನ್ನು ಹಿಡಿದು ಇನ್ನೊಮ್ಮೆ ಹಾಕಲು ಅವಕಾಶ. ಇಲ್ಲಿ ರಿಚರ್ಡ್ಸ್ ಕೈಗೆ ಚೆಂಡು ಬಂದಾಗ ಅವನಿಗೆ ಯೋಚಿಸಲಿಕ್ಕೇ ವೇಳೆ ಇರಲಿಲ್ಲ. ನಿಂತಲ್ಲಿಂದ ಎಸೆಯುವುದೊಂದೇ ದಾರಿ. ಕೊಡುವುದಾದರೆ ಪಡೆದವನಿಗೆ ಉಪಯೋಗಕ್ಕೆ ಬರುವಷ್ಟು ಮೊದಲೇ ಕೊಡಬೇಕು. ಹರಾಜು ಮುಗಿಯುವ ಗಳಿಗೆಯಲ್ಲಿ ಪಾಲುದಾರನ ಕೈಗೆ ಚೀಟಿ ಕೊಟ್ಟರೆ ಅವನಾದರೂ ಏನು ಮಾಡಿಯಾನು? ಕರ್ರಿಯ ಕಾಲ ಕೆಳಗೆ ಅಷ್ಟು ಬಿಡುವಿತ್ತೋ ಇಲ್ಲವೋ ಎಂದು ಮೊಮ್ಮಗ ಇಂದಿಗೂ ವಾದಿಸುತ್ತಾನೆ.

ಅವನು ಹೆದರಿ ಕೊಟ್ಟನೆಂದು ಮಾತ್ರ ನಾನು ಒಪ್ಪಲಾರೆ. ಅದಕ್ಕೆ ಕಾರಣ ಎಂಟು ತಿಂಗಳ ಮೇಲಿನ ಇನ್ನೊಂದು ಪಂದ್ಯ. 2008ರ ನವೆಂಬರ್ 25. ರಿಚರ್ಡ್ಸ್ ಆಗ ಕಾಲೇಜು ಮುಗಿಸಿ ಹೋಗಿದ್ದ. ಚೆಂಡು ನಡೆಸುವ ಹೊಣೆಯೂ ಕರ್ರಿಯ ತಲೆಗೆ ಬಂದಿತ್ತು. ವಾರದ ಹಿಂದಷ್ಟೇ ಒಕ್ಲಹೋಮದ ಎದುರು 44 ಅಂಕ ಗಳಿಸಿದ್ದ. ಮೇರಿಲ್ಯಾಂಡಿನ ಲೊಯೋಲಾ ತಂಡದ ತರಬೇತುದಾರ ಜಿಮ್ಮಿ ಪಟ್ಸೋಸ್ ಒಂದು ಹಟ ಹಿಡಿದರು. ಚೆಂಡು ಇರಲಿ ಬಿಡಲಿ, ಇಬ್ಬರು ಸದಾ ಕರ್ರಿಯ ಬೆನ್ನಿಗೆ. ಕರ್ರಿ ಏನು ಮಾಡಿದ ಗೊತ್ತೇ? ಆ ಇಬ್ಬರನ್ನೂ ಕರೆದುಕೊಂಡು ಹೋಗಿ ಮೂಲೆಯಲ್ಲಿ ನಿಂತ! ಉಳಿದ ಅಂಗಣದಲ್ಲಿ ಇವರ ಕಡೆ ನಾಲ್ವರು, ಅವರ ಕಡೆ ಮೂವರು. ಇಡೀ ಪಂದ್ಯದಲ್ಲಿ ದೇಶದ ದೊಡ್ಡ ಅಂಕಗಾರ ಎಸೆದದ್ದು ಮೂರೇ ಸಲ, ಗಳಿಸಿದ್ದು ಸೊನ್ನೆ. ಡೇವಿಡ್‌ಸನ್ ಗೆದ್ದದ್ದು 78-48ರಿಂದ, ಮೂವತ್ತು ಅಂಕಗಳ ಅಂತರದಲ್ಲಿ. ಆಮೇಲೂ ಪಟ್ಸೋಸ್ ಅವನನ್ನು ಸೊನ್ನೆಗೆ ಕಟ್ಟಿದ್ದನ್ನೇ ದೊಡ್ಡದು ಮಾಡಿದರಂತೆ. ನಮ್ಮ ಪೇಟೆಯಲ್ಲೂ ಇಂಥವರುಂಟು. ಎದುರಂಗಡಿಯವನಿಗೆ ಗಿರಾಕಿ ಬರಬಾರದೆಂದು ಅವನ ಬಾಗಿಲು ಕಾಯುತ್ತ ತಮ್ಮ ಅಂಗಡಿ ತೆರೆಯುವುದನ್ನೇ ಮರೆಯುತ್ತಾರೆ.

ಆ ಕೊನೆಯ ವರ್ಷ ಕರ್ರಿ ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ದೇಶಕ್ಕೇ ಮೊದಲಿಗನಾದ. ದೂರದ ಎಸೆತ ಮಾತ್ರ ನೂರಕ್ಕೆ 43.9ರಿಂದ 38.7ಕ್ಕೆ ಇಳಿಯಿತು. ಗೆರೆಯನ್ನು ಒಂದು ಅಡಿ ಹಿಂದೆ ಸರಿಸಿದ್ದರು, ಅದೊಂದು. ಇನ್ನೊಂದು, ತಾನೇ ಚೆಂಡು ತಂದು ತಾನೇ ಎಸೆಯಬೇಕಾಗಿತ್ತು, ತಂದುಕೊಡುವವನು ಇರಲಿಲ್ಲ. ಇತರರಿಗೆ ಒದಗಿಸಿದ ಚೆಂಡು ಮಾತ್ರ ಪಂದ್ಯಕ್ಕೆ 2.9 ಇದ್ದದ್ದು 5.6ಕ್ಕೆ ಏರಿತು.

ರಿಚರ್ಡ್ಸ್‌ಗೆ ಡೆಟ್ರಾಯಿಟಿನದು ಕಾಲೇಜಿನ ಕಟ್ಟಕಡೆಯ ಪಂದ್ಯವಾಗಿತ್ತು. ಇದನ್ನು ಮೊಮ್ಮಗ ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕೊಟ್ಟವನು ಸರಿಯೋ ತಪ್ಪೋ ಎಂದು ನಾವು ಮೂರು ಸಂಜೆ ವಾದಿಸಿದ್ದೆವು. ಎಸೆದವನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

"ನಿನ್ನ ಗೆಳ್ಯಾ ಹೆಂಗದಾನು?" ಎಂದು ಕೇಳಿದೆ.

ಮೊಮ್ಮಗ ತಲೆ ತಗ್ಗಿಸಿದ. ಪಂದ್ಯದ ರಾತ್ರಿಯಿಂದ ಆ ಹುಡುಗನೊಡನೆ ಮಾತೇ ಆಡಿರಲಿಲ್ಲವಂತೆ. ನಾಳೆಯೇ ಫೋನ್ ಮಾಡಿ ಕರೆ ಎಂದೆ. ರವಿವಾರ ಬಸ್ಸಿಗೆ ಬಂದ, ಉದ್ದನೆಯ ಹುಡುಗ, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಮನೆಯವಳು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದಳು. ಮೊದಲು ಇಬ್ಬರೂ ತಟ್ಟೆ ನೋಡುತ್ತ ಕುಳಿತಿದ್ದರು. ಮೂರನೆಯ ರೊಟ್ಟಿಯ ಹೊತ್ತಿಗೆ ಮೊಮ್ಮಗ ಕೇಳಿದ, "ಮತ್ತ ಕೊಟ್ರ ಒಗೀತಿಯಿಲ್ಲೋ?"

ಆ ಹುಡುಗ ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದ, "ಒಗೀತೀನಿ. ಜರಾ ಲಗೂ ಕೊಡು."