ಶೈತ್ಯಯಂತ್ರವೂ ಶ್ವಾನವೂ

ಸಮುದ್ರಮಟ್ಟಕ್ಕೆ 3,000 ಅಡಿಗೂ ಮೇಲೆ, ಮಲೆನಾಡಿನ ತಂಗಾಳಿಗೆ ಮೈಯೊಡ್ಡಿ ನಿಂತಿರುವ ಕಾರಣದಿಂದ ‘ಬಡವರ ಊಟಿ’ ಎಂಬ ಬಿರುದನ್ನು ಪಡೆದ ಹಾಸನದಲ್ಲಿ, ಮನೆಯೊಳಗಿನ ಗಾಳಿಯನ್ನು ಯಂತ್ರದಿಂದ ತಂಪು ಮಾಡಿಕೊಳ್ಳಬೇಕಾದ ಪ್ರಸಂಗ ಬಂದೀತೆಂದು ಹಿಂದಿನ ತಲೆಮಾರಿನವರು ಎಣಿಸಿರಲಾರರು. ಇಂದಾದರೋ ಬ್ಯಾಂಕು, ಎ.ಟಿ.ಎಂ., ದವಾಖಾನೆಗಳಲ್ಲಿ ಮಾತ್ರವಲ್ಲದೆ ಗೃಹಸ್ಥರ ಮಲಗುವ ಕೋಣೆಗಳಲ್ಲಿಯೂ ಎ.ಸಿ. ನೆಲೆಯೂರಿದೆ. ಹೇಮಾವತಿಯ ದಡದ ಹೊಳೆನರಸೀಪುರವಾಗಲಿ, ಅರೆಮಲೆನಾಡಿನ ಅರಕಲಗೂಡಾಗಲಿ, ತೆಂಗಿನ ತೋಟಗಳ ಬಯಲುಸೀಮೆಯಾದ ಚನ್ನರಾಯಪಟ್ಟಣವಾಗಲಿ, ಇದಕ್ಕೆ ಹೊರತಲ್ಲ. ಈ ಯಂತ್ರದ ಒಂದು ಭಾಗ ಕೋಣೆಯ ಗೋಡೆಯ ಮೇಲೆ ಸುರಕ್ಷಿತವಾಗಿದ್ದರೆ, ಜನ ‘ಔಟ್‌ಡೋರ್’ ಎಂದು ಕರೆಯುವ ಇನ್ನೊಂದು ಭಾಗ, ಒಂದೇ ಅಂತಸ್ತಿನ ಮನೆಗಳಲ್ಲಿ ಅನೇಕ ವೇಳೆ ಹೊರಗೋಡೆಯ ಬುಡದಲ್ಲಿ, ನಾಯಿಯೊಂದು ಹಿಂಗಾಲೆತ್ತಿದರೆ ಸರಿಯಾಗಿ ಎಟುಕುವಷ್ಟು ಎತ್ತರದಲ್ಲಿ ಕುಳಿತಿರುತ್ತದೆ. ಎರಡು ಮೂರು ಬೇಸಗೆಗಳು ಕಳೆದ ಮೇಲೆ ಮೆಕ್ಯಾನಿಕ್ ಬಂದು ‘ಕಾಯಿಲ್ ತಿಂದುಹೋಗಿದೆ, ಗ್ಯಾಸ್ ಲೀಕ್ ಆಗಿದೆ’ ಎಂದಾಗ ಮನೆಯವರು ಕಂಪೆನಿಯನ್ನು ದೂರುವರೇ ಹೊರತು, ಕಾರಣ ತಮ್ಮ ಅಂಗಳದಲ್ಲಿಯೇ ಬಾಲವಾಡಿಸುತ್ತಿರಬಹುದೆಂಬುದು ಅವರಿಗೆ ಹೊಳೆಯುವುದಿಲ್ಲ.

ಮೊದಲು ಯಂತ್ರದ ಸ್ವರೂಪವನ್ನು ನೋಡೋಣ. ತಂಪನ್ನು ಹುಟ್ಟಿಸುವ ಯಂತ್ರವೆಂದು ಲೋಕರೂಢಿಯಿದ್ದರೂ, ಇದರ ಕೆಲಸ ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಚೆಲ್ಲುವುದಷ್ಟೆ. ಇಂದಿನ ಮನೆಬಳಕೆಯ ಎ.ಸಿ.ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಆರ್-32 ಎಂಬ ದ್ರವ್ಯ ವಾಯುಮಂಡಲದ ಒತ್ತಡದಲ್ಲಿ ಸೊನ್ನೆಗಿಂತ 52 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಕೋಣೆಯೊಳಗಿನ ನಳಿಗೆಗಳಲ್ಲಿ ಅದು ಕಡಿಮೆ ಒತ್ತಡದಲ್ಲಿ ಬಾಷ್ಪವಾಗುತ್ತಾ ಕೋಣೆಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಆ ಬಾಷ್ಪವನ್ನು ಹೊರಗಿನ ಕಂಪ್ರೆಸರ್ ಅದುಮಿದಾಗ, ಗಾಳಿ ತುಂಬುವಾಗ ಸೈಕಲ್ ಪಂಪಿನ ಬುಡ ಬಿಸಿಯೇರುವಂತೆ, ಅದು ಹೊರಗಿನ ಗಾಳಿಗಿಂತಲೂ ಬಿಸಿಯಾಗುತ್ತದೆ. ಆಗ ಫ್ಯಾನು ಸೆಳೆಯುವ ಗಾಳಿಗೆ ತನ್ನ ಉಷ್ಣವನ್ನು ಒಪ್ಪಿಸಿ ಮತ್ತೆ ದ್ರವವಾಗಿ ಒಳಕ್ಕೆ ಮರಳುತ್ತದೆ. ಒಂದೂವರೆ ಟನ್ನಿನ ಯಂತ್ರವೊಂದು ಪೂರ್ಣ ಶಕ್ತಿಯಿಂದ ನಡೆಯುವಾಗ ಕೋಣೆಯಿಂದ ಸುಮಾರು 5.2 ಕಿಲೋವಾಟ್ ಉಷ್ಣವನ್ನು ಎತ್ತುವುದಲ್ಲದೆ, ಕಂಪ್ರೆಸರ್ ನುಂಗಿದ ವಿದ್ಯುತ್ತಿನ ಉಷ್ಣವನ್ನೂ ಅದಕ್ಕೆ ಕೂಡಿಸಿ ಹೊರಗೆ ಚೆಲ್ಲಬೇಕು.

ಇಷ್ಟು ಉಷ್ಣವನ್ನು ಗಾಳಿಗೆ ದಾಟಿಸಲು ಬರಿಯ ತಾಮ್ರದ ನಳಿಗೆ ಸಾಲದಾದ್ದರಿಂದ, ಅದರ ಸುತ್ತ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ತೆಳುವಾದ ಅಲ್ಯೂಮಿನಿಯಂ ಹಾಳೆಗಳನ್ನು ನೂರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಪೋಣಿಸಿರುತ್ತಾರೆ. ಇವುಗಳಿಗೆ ‘ಫಿನ್’ ಎಂದು ಹೆಸರು; ನಳಿಗೆಯೂ ಹಾಳೆಗಳೂ ಕೂಡಿದ ಈ ಜೋಡಣೆಯೇ ಮೆಕ್ಯಾನಿಕ್ ಹೇಳುವ ‘ಕಾಯಿಲ್’. ಎದುರಿನಿಂದ ನೋಡುವವನಿಗೆ ಫ್ಯಾನಿನ ಜಾಲರಿ ಮಾತ್ರ ಕಾಣುವುದಾದರೂ, ಈ ಹಾಳೆಗಳು ತೆರೆದುಕೊಂಡಿರುವುದು ಸಾಮಾನ್ಯವಾಗಿ ಹಿಂಬದಿಯಲ್ಲಿ ಮತ್ತು ಒಂದು ಪಕ್ಕದಲ್ಲಿ. ಆ ಪಕ್ಕದ ಮೂಲೆಯೇ ನಾಯಿಗೆ ಪ್ರಿಯವಾದ ಸ್ಥಾನ.

ನಾಯಿ ಹೀಗೇಕೆ ಮಾಡುತ್ತದೆ? ಮೂತ್ರಕೋಶವನ್ನು ಬರಿದುಮಾಡುವುದಷ್ಟೇ ಅದರ ಉದ್ದೇಶವಾಗಿದ್ದರೆ ವಿಶಾಲವಾದ ಅಂಗಳದ ಯಾವ ನೆಲವಾದರೂ ಆದೀತು. ಗಂಡುನಾಯಿ ಕಾಲೆತ್ತಿ ನಿಲುವಾದ ವಸ್ತುವಿನ ಮೇಲೆ ಅಲ್ಪಸ್ವಲ್ಪವಾಗಿ ಸಿಂಪಡಿಸುವುದು ಇತರ ನಾಯಿಗಳಿಗೆ ಬಿಟ್ಟುಹೋಗುವ ಸಂದೇಶ. ತನ್ನ ಲಿಂಗ, ಆರೋಗ್ಯ, ಸಂತಾನಸಿದ್ಧತೆಗಳ ವಾರ್ತೆ ಅದರಲ್ಲಿ ಅಡಗಿರುತ್ತದೆ. ಕೆಳಗಿನ ನೆಲಕ್ಕಿಂತ ಮೂಗಿನ ಮಟ್ಟದಲ್ಲಿರುವ ಗುರುತು ಹೆಚ್ಚು ಜನಜನಿತ, ಅಥವಾ ಶ್ವಾನಜನಿತ, ಆಗುವುದು ಸಹಜ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಿಡ್ಡ ನಾಯಿಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ಹೆಚ್ಚು ಎತ್ತರಕ್ಕೆ ಕಾಲೆತ್ತಿ, ತಾವು ದೊಡ್ಡವೆಂಬ ಭ್ರಮೆಯನ್ನು ಹುಟ್ಟಿಸುತ್ತಿರಬಹುದೆಂದು ಸೂಚಿಸಿದ್ದಾರೆ. ಒಂದು ನಾಯಿಯ ಗುರುತಿನ ಮೇಲೆ ಮತ್ತೊಂದು ತನ್ನದನ್ನು ಒತ್ತದೆ ಬಿಡುವುದಿಲ್ಲವಾದ್ದರಿಂದ, ಸಾಕಿದ ನಾಯಿ ಆರಂಭಿಸಿದ್ದನ್ನು ಬೀದಿಯ ನಾಯಿಗಳು ಮುಂದುವರಿಸುತ್ತವೆ. ಯಂತ್ರ ದಿನದಿನವೂ ಅಭಿಷಿಕ್ತವಾಗುತ್ತದೆ.

ಈ ಅಭಿಷೇಕದ ರಸಾಯನಶಾಸ್ತ್ರ ಕುತೂಹಲಕರವಾದುದು. ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಹೆಣೆದುಕೊಳ್ಳುವ ಅತಿ ತೆಳುವಾದ ಆಕ್ಸೈಡಿನ ಪೊರೆ ಗಾಳಿ, ಮಳೆಗಳಿಂದ ಅದನ್ನು ಕಾಪಾಡುತ್ತದೆ. ಆದರೆ ಮೂತ್ರದಲ್ಲಿರುವ ಲವಣಗಳ ಕ್ಲೋರೈಡ್ ಅಂಶ ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂತಹ ಕುಳಿಗಳನ್ನು ತೋಡುತ್ತದೆ. ಮೇಲಾಗಿ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಅಂಟಿಕೊಂಡಿರುವಲ್ಲಿ ಲವಣದ್ರಾವಣ ತಗುಲಿತೆಂದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ಎರಡರಲ್ಲಿ ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ತನ್ನನ್ನು ತೆತ್ತುಕೊಂಡು ಬಿಳಿಯ ಪುಡಿಯಾಗಿ ಉದುರುತ್ತದೆ. ಇತ್ತ ಮೂತ್ರದ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಮಾಡುತ್ತವೆ. ತೇವ ಮತ್ತು ಆಮ್ಲಜನಕಗಳ ಸಹವಾಸದಲ್ಲಿ ಈ ಅಮೋನಿಯಾ ತಾಮ್ರವನ್ನು ನೀಲಿಬಣ್ಣದ ಸಂಯುಕ್ತವಾಗಿ ಕರಗಿಸುತ್ತದೆ.

ಅಮೋನಿಯಾ ಮತ್ತು ತಾಮ್ರಗಳ ಈ ವೈರ ಹಳೆಯದು. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯವರು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇರಿಸುತ್ತಿದ್ದ ಹಿತ್ತಾಳೆಯ ತೋಟಾಗಳು, ಯಾರೂ ಮುಟ್ಟದಿದ್ದರೂ ತಾವಾಗಿಯೇ ಬಿರುಕುಬಿಡುತ್ತಿದ್ದವು. ತಾಮ್ರ ಪ್ರಧಾನವಾದ ಆ ಮಿಶ್ರಲೋಹವನ್ನು ಕುದುರೆಗಳ ಮೂತ್ರದಿಂದ ಎದ್ದ ಅಮೋನಿಯಾ, ಲೋಹದಲ್ಲಿ ಉಳಿದಿದ್ದ ಬಿಗುವಿನೊಡನೆ ಸೇರಿ ಸೀಳುತ್ತಿತ್ತೆಂಬ ವಿವರಣೆ 1921ರಲ್ಲಿ ದೊರೆಯಿತು. ಹಾಸನದ ಸುತ್ತ ಬಿತ್ತನೆ ಆಲೂಗಡ್ಡೆಯನ್ನು ಕಾಪಿಡುವಂತಹ ಶೈತ್ಯಾಗಾರಗಳಲ್ಲಿ ಸಾಮಾನ್ಯವಾಗಿ ಅಮೋನಿಯಾವನ್ನೇ ಶೀತಕವಾಗಿ ಬಳಸುತ್ತಾರಷ್ಟೆ. ಅಲ್ಲಿ ತಾಮ್ರವನ್ನು ದೂರವಿಟ್ಟು ಉಕ್ಕಿನ ಕೊಳವೆಗಳನ್ನೇ ಜೋಡಿಸುವುದು ಈ ವೈರವನ್ನು ಬಲ್ಲ ಕಾರಣದಿಂದಲೇ.

ಹಾನಿ ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಹಾಳೆಗಳು ಪುಡಿಯಾಗಿ, ನಾಯಿಯ ಉದುರಿದ ಕೂದಲು ಸಂದುಗಳಲ್ಲಿ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಉಷ್ಣ ಹೊರಹೋಗದೆ ಕಂಪ್ರೆಸರ್ ಏದುತ್ತದೆ, ಕರೆಂಟ್ ಬಿಲ್ಲು ಏರುತ್ತದೆ, ಕೋಣೆ ಮಾತ್ರ ತಣಿಯುವುದಿಲ್ಲ. ಕಡೆಗೆ ನಳಿಗೆಯಲ್ಲಿ ಕಣ್ಣಿಗೆ ಕಾಣದ ರಂಧ್ರವಾಗಿ ಗ್ಯಾಸ್ ಸೋರಿಹೋಗುತ್ತದೆ. ಸೂರಿನ ಅಥವಾ ಸಜ್ಜೆಯ ಅಡಿಯಲ್ಲಿಟ್ಟ ಯಂತ್ರಕ್ಕೆ, ಮಳೆ ತೊಳೆದೀತೆಂಬ ಆಸರೆಯೂ ಇರುವುದಿಲ್ಲ.

ಪರಿಹಾರವೆಂದರೆ ಹಲವರಿಗೆ ನೆನಪಾಗುವುದು ನಮ್ಮ ಊರುಗಳ ಗೇಟುಗಳ ಮುಂದೆ ಸಾಲಾಗಿ ಇಡುವ ನೀಲಿನೀರಿನ ಬಾಟಲಿ. ನಾಯಿಯ ಕಣ್ಣಿಗೆ ನೀಲಿ ಕಾಣುವುದು ನಿಜವಾದರೂ ಅದಕ್ಕೆ ಅಂಜಲು ಕಾರಣವಿಲ್ಲ. ಕಾಲೆತ್ತಲು ಪ್ರೇರಿಸುವುದು ಕಣ್ಣಲ್ಲ, ಮೂಗು. ಇನ್ನು ಕೆಲವರು ಯಂತ್ರವನ್ನು ತಗಡಿನ ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಇದು ರೋಗಕ್ಕಿಂತ ಕೆಟ್ಟ ಮದ್ದು: ಹೊರಬಿದ್ದ ಬಿಸಿಗಾಳಿಯೇ ಮತ್ತೆ ಒಳಸೇರಿ ಯಂತ್ರ ಉಸಿರುಗಟ್ಟುತ್ತದೆ. ಬ್ಲೀಚಿಂಗ್ ಪುಡಿ ಎರಚುವುದೂ ಸಲ್ಲದು; ಅದೂ ಅಲ್ಯೂಮಿನಿಯಮ್ಮಿಗೆ ಶತ್ರುವೇ. ವಿಷವಿಡುವುದು, ಬೇಲಿಗೆ ವಿದ್ಯುತ್ ಹಾಯಿಸುವುದು ಕ್ರೌರ್ಯ ಮಾತ್ರವಲ್ಲ, 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಅದಕ್ಕೆ ಬಲಿಯಾಗುವುದು ನೆರೆಮನೆಯ ಮಗುವೂ ಆಗಬಹುದು.

ಉತ್ತಮವಾದ ಉಪಾಯ ಎತ್ತರ. ಗೋಡೆಗೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡ್ ಬಿಗಿದು, ನಾಯಿಗೆ ಎಟುಕದ, ಆದರೆ ಸರ್ವಿಸ್ ಮಾಡುವವನಿಗೆ ಎಟುಕುವ ಎತ್ತರಕ್ಕೆ ಯಂತ್ರವನ್ನು ಏರಿಸಬೇಕು. ಅದು ಸಾಧ್ಯವಾಗದಲ್ಲಿ, ಕೈಪಿಡಿಯಲ್ಲಿ ಸೂಚಿಸಿದ ಅಂತರವನ್ನು ಎಲ್ಲ ಕಡೆಯೂ ಬಿಟ್ಟು, ಗಾಳಿ ಧಾರಾಳವಾಗಿ ಹಾಯುವ, ನಾಯಿಯ ಧಾರೆ ತಲುಪದಷ್ಟು ದೂರದ ಜಾಲರಿಯ ಕಟಕಟೆ ನಿಲ್ಲಿಸಬಹುದು. ಹಾಳೆಗಳ ಮೇಲೆ ನೀಲಿ ಲೇಪವಿರುವ ಕಾಯಿಲ್ ಹಾನಿಯನ್ನು ತಡಮಾಡೀತು, ತಡೆಯದು. ಮೂತ್ರ ಬಿದ್ದದ್ದು ಕಂಡೊಡನೆ ಮೇನ್ ಸ್ವಿಚ್ ಆರಿಸಿ, ಮೃದುವಾದ ಧಾರೆಯಿಂದ ಶುದ್ಧ ನೀರು ಹಾಯಿಸಿ ತೊಳೆಯಬೇಕು. ಜೋರು ಧಾರೆ ಹಾಳೆಗಳನ್ನು ಮಡಿಸಿಬಿಡುತ್ತದೆ. ಸಾಕಿದ ನಾಯಿಯನ್ನು ಹೊತ್ತಿಗೆ ಸರಿಯಾಗಿ ತಿರುಗಾಡಿಸುವುದರಿಂದಲೂ, ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದರಿಂದಲೂ ಈ ಚಾಳಿ ಬಹುಮಟ್ಟಿಗೆ ತಗ್ಗುತ್ತದೆ.

ನಾಯಿ ತನ್ನ ಕುಲಧರ್ಮವನ್ನು ಪಾಲಿಸುತ್ತದೆ, ಲೋಹ ತನ್ನ ಧರ್ಮವನ್ನು. ಎರಡನ್ನೂ ಬಲ್ಲವನು ಮನುಷ್ಯನೊಬ್ಬನೇ ಆದ್ದರಿಂದ ಹೊಣೆಯೂ ಅವನದೇ. ಹೊಸದಾಗಿ ಎ.ಸಿ. ಕೂಡಿಸುವವರು ದಯಮಾಡಿ ಮೆಕ್ಯಾನಿಕ್ ಗೋಡೆಗೆ ತೂತು ಕೊರೆಯುವ ಮುನ್ನವೇ ಸ್ಟ್ಯಾಂಡಿನ ಎತ್ತರವನ್ನು ಹೇಳಿ ಗುರುತು ಹಾಕಿಸಿಕೊಳ್ಳಲಿ. ಸ್ಟ್ಯಾಂಡಿನ ಖರ್ಚು ಹೊಸ ಕಾಯಿಲಿನ ಬೆಲೆಯ ಮುಂದೆ ಅಲ್ಪವೇ ಸರಿ.