ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ತೋರಿಸಿ

ಗುಮ್ಮಳಾಪುರ ಅಂದರೆ ಕನ್ನಡ ಓದಿದವರಿಗೆ ಸಿದ್ಧಲಿಂಗ ಯತಿಗಳ ನೆನಪಾಗುತ್ತದೆ. ಶೂನ್ಯಸಂಪಾದನೆಯನ್ನು ಸಂಕಲಿಸಿದ ನಾಲ್ವರಲ್ಲಿ ಅವರೊಬ್ಬರು. ಆ ಊರಿನ ಮಕ್ಕಳಿಗೆ ಇವತ್ತು ಮನೆಯಲ್ಲಿ ಕನ್ನಡ, ತೆಲುಗು, ಶಾಲೆಯಲ್ಲಿ ತಮಿಳು. ತಮಿಳುನಾಡಿನ 2006ರ ಕಾಯ್ದೆಯಿಂದ ತಮಿಳು ಕಲಿಕೆ ಹಂತ ಹಂತವಾಗಿ ಕಡ್ಡಾಯವಾಯಿತು. ಮಾತು ಉಳಿದಿದೆ, ಅಕ್ಷರ ಕೂಡಿಸಿ ಓದೋರು ಕಡಿಮೆಯಾಗಿದ್ದಾರೆ. ಆದರೆ ಇದೇ ಹುಡುಗರು ನಮ್ಮ ಸೀಮೆಯ ವೀರಗಲ್ಲುಗಳ ಫೋಟೋ ಹಿಡಿದು, ವಿಡಿಯೋ ಮಾಡಿ ಹಂಚುತ್ತಿದ್ದಾರೆ. ನನಗಂತೂ ಸಂತೋಷವೇ. ಹೇಳಬೇಕಾದ್ದು ಒಂದಿದೆ.

ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಓದಬೇಕು. ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಸಾಫ್ಟ್‌ವೇರ್ ತಾನಾಗಿ ಚಿತ್ರ ಜರುಗಿಸಲು ಬಿಟ್ಟರೆ ಎಷ್ಟೋ ಸಲ ಮೇಲಿನಿಂದ ಇಳಿಯುತ್ತದೆ. ಪಾಪ, ಕೈಲಾಸ ಸೇರಿದವನು ಮತ್ತೆ ಕತ್ತಿ ಹಿಡಿದು ಯುದ್ಧಕ್ಕೆ ಬಂದ ಹಾಗೆ!

ನನ್ನ ತಮ್ಮನ ಮಗ ಕೆಡೆನ್‌ಲೈವ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನು ತೋರಿಸಿಕೊಟ್ಟ. "ದೊಡ್ಡಪ್ಪ, ಮೊದಲ ಜಾಗ, ಕೊನೆಯ ಜಾಗ ಎರಡೇ ಗುರುತು ಹಾಕಿ ಸಾಕು" ಅಂದ. ಆ ಗುರುತಿಗೆ ಕೀಫ್ರೇಮ್ ಅಂತಾರೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ 5 ಸೆಕೆಂಡಿಗೆ 125 ಫ್ರೇಮು. ಎರಡು ನಾವು ಕೊಟ್ಟರೆ ನಡುವಿನ 123 ಕಂಪ್ಯೂಟರ್ ತುಂಬುತ್ತದೆ.

ಕಲ್ಲು ನಿಂತಿದೆ, ತೆರೆ ಮಲಗಿದೆ. ತೆರೆಯ ಅಳತೆ 1920 ಅಗಲ, 1080 ಎತ್ತರದ ಚುಕ್ಕಿಗಳು. ಫೋಟೋ 3000 ಅಗಲ, 4000 ಎತ್ತರ ಇದ್ದರೆ, ಅಗಲ ಕೂಡಿಸಿದಾಗ ಎತ್ತರ 2560 ಆಗುತ್ತದೆ. ತೆರೆಯಿಂದ ಹೊರಗುಳಿಯುವ 1480 ಚುಕ್ಕಿಯಷ್ಟನ್ನೂ ನಿಧಾನವಾಗಿ ಜರುಗಿಸಬಹುದು. ನೋಡುವವನ ಕಣ್ಣು ಮೇಲೇರಬೇಕಾದರೆ ಚಿತ್ರವನ್ನು ಕೆಳಕ್ಕೆ ಎಳೆಯಬೇಕು. ಬಾವಿ ರಾಟೆಯ ಹಾಗೇ: ಹಗ್ಗ ಕೆಳಕ್ಕೆ, ಕೊಡ ಮೇಲಕ್ಕೆ. ಸಾಲು ಓದುವಷ್ಟು ಹೊತ್ತು ನಿಂತು ಮುಂದೆ ಹೋಗಿ. ಮದುವೆ ವಿಡಿಯೋದ ಗಡಿಬಿಡಿ ಇಲ್ಲಿ ಬೇಡ.

ದೊಡ್ಡದು ಮಾಡುವುದಕ್ಕೂ ಮಿತಿ ಉಂಟು. ಮೇಲಿನ ಫೋಟೋವನ್ನು ಇನ್ನು ಒಂದೂವರೆ ಪಟ್ಟು ಹಿಗ್ಗಿಸಬಹುದು. ಅದಕ್ಕೂ ಮೀರಿದರೆ ಇಲ್ಲದ ಚುಕ್ಕಿಯನ್ನು ಕಂಪ್ಯೂಟರ್ ಊಹಿಸಿ ತುಂಬುತ್ತದೆ, ಅಕ್ಷರ ಮಸುಕಾಗುತ್ತದೆ. ತೊಗಲು ಗೊಂಬೆಯವರಿಗೆ ಇದು ಹಳೇ ಮಾತು. ಗೊಂಬೆ ಪರದೆಗೆ ಅಂಟಿದ್ದರೆ ಗೆರೆ ಚೊಕ್ಕ, ದೀಪದ ಕಡೆ ಸರಿದರೆ ನೆರಳು ಬೆಳೆಯುತ್ತದೆ, ಅಂಚು ಕದಡುತ್ತದೆ. ಅದಕ್ಕೇ ರಾಜನಿಗೆ ದೊಡ್ಡ ಗೊಂಬೆ, ಸೇವಕನಿಗೆ ಚಿಕ್ಕ ಗೊಂಬೆ ಬೇರೆ ಬೇರೆ ಕೊರೆದಿಟ್ಟುಕೊಂಡರೋ ಏನೋ. ನನ್ನ ಊಹೆ ಅಷ್ಟೆ. ಇನ್ನು ಅಗಲ ಒಂದನ್ನೇ ಎಳೆದು ತೆರೆ ತುಂಬಿಸುವುದು ಮಹಾ ಅಪರಾಧ. ನಮ್ಮ ಗುಂಡು ಅಕ್ಷರ ಚಪ್ಪಟೆಯಾಗಿ, ಒತ್ತಕ್ಷರ ಗುರುತೇ ಸಿಗುವುದಿಲ್ಲ.

ನಿಂತ ಚಿತ್ರವನ್ನು ನಡೆಸುವ ಈ ಕಲೆಗೆ ಅಮೆರಿಕದ ಕೆನ್ ಬರ್ನ್ಸ್ ಹೆಸರೇ ಅಂಟಿಕೊಂಡಿದೆ. 1990ರ ಅವರ ‘ದಿ ಸಿವಿಲ್ ವಾರ್’ ಸಾಕ್ಷ್ಯಚಿತ್ರದಲ್ಲಿ ಹಳೇ ಫೋಟೋಗಳೇ ಕಥೆ ಹೇಳಿದವು. ಅವರಾದರೋ 1957ರ ಕೆನಡಾದ ‘ಸಿಟಿ ಆಫ್ ಗೋಲ್ಡ್’ ಚಿತ್ರದಿಂದ ಕಲಿತೆ ಅನ್ನುತ್ತಾರೆ. ಆಗ ಫೋಟೋ ಮೇಜಿನ ಮೇಲಿಟ್ಟು ಕ್ಯಾಮೆರಾ ಜರುಗಿಸುತ್ತಿದ್ದರು.

ಫೋಟೋ ಹಿಡಿಯುವ ಹುಡುಗರು ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ. ಸವೆದ ಅಕ್ಷರಕ್ಕೂ ನೆರಳು ಬೀಳುತ್ತದೆ. ಸೀಮೆಸುಣ್ಣ ಬಳಿಯಬೇಡಿ, ಕೆರೆಯಬೇಡಿ. ಸಾಲು ಸಾಲಿಗೂ ಹತ್ತಿರದಿಂದ ಬೇರೆ ಫೋಟೋ ತೆಗೆಯಿರಿ. ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಕಲ್ಲಿನ ಸಾಲಿನ ಕೆಳಗೆ ಅದನ್ನೇ ಇಂದಿನ ಕನ್ನಡ ಲಿಪಿಯಲ್ಲೂ ತಮಿಳು ಲಿಪಿಯಲ್ಲೂ ಬರೆಯಿರಿ. ಒತ್ತಕ್ಷರಕ್ಕೆ ಜಾಗ ಬೇಕು, ತೆರೆಯ ಅಂಚಿಗೆ ಒತ್ತಬೇಡಿ.